ಸೈಕಲ್ ಫೋರ್ಕಿನ ಸೀಲ್: ಸೋರಿಕೆ ಹುಡುಕುವುದರಿಂದ ಹೊಸದನ್ನು ಕೂರಿಸುವವರೆಗೆ

"ಫೋರ್ಕ್ ಮೇಲೆ ಎಣ್ಣೆ ಬರ್ತಿದೆ, ಸೀಲ್ ಹೋಯ್ತಾ?"

ಚಿಕ್ಕಬಳ್ಳಾಪುರದ ಸುತ್ತ ಮೌಂಟನ್ ಬೈಕ್ ಓಡಿಸುವವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ಫೋರ್ಕ್ ಅಂದರೆ ಮುಂದಿನ ಚಕ್ರವನ್ನು ಹಿಡಿದು ಗುಂಡಿಯ ಪೆಟ್ಟು ನುಂಗುವ ಎರಡು ಕಾಲಿನ ಭಾಗ. ಸೀಲ್ ಅಂದರೆ ಅದರ ಒಳಗಿನ ಎಣ್ಣೆ ಹೊರಬಾರದ ಹಾಗೆ ತಡೆಯುವ ರಬ್ಬರ್ ಬಳೆ. ಬೇಸಿಗೆ ಶುರುವಾದ ಮೇಲಂತೂ ಜಾಸ್ತಿ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಎಣ್ಣೆ ಕಂಡ ಕೂಡಲೇ ಸೀಲ್ ಕೊಳ್ಳಲು ಹೋಗಬೇಡಿ. ಫೋರ್ಕ್ ಮೂರು ಕಡೆ ಸೋರಬಹುದು, ಮೂರಕ್ಕೂ ಮದ್ದು ಬೇರೆ. ಅದರಲ್ಲೂ ನನ್ನ ಕೈಗೆ ಬಂದ ಹೆಚ್ಚಿನ ಫೋರ್ಕುಗಳಲ್ಲಿ ಸೀಲಿಗಿಂತ ಮುಂಚೆ ಕೆಟ್ಟಿದ್ದು ಒಳಗಿನ ಎಣ್ಣೆ. ಎಣ್ಣೆ ಬತ್ತಿ, ಧೂಳು ಸೇರಿ, ಆ ಧೂಳು ಸೀಲನ್ನು ತಿಂದಿರುತ್ತದೆ. ಆ ಧೂಳನ್ನು ಹಾಗೇ ಬಿಟ್ಟು ಹೊಸ ಸೀಲ್ ಕೂರಿಸಿದರೆ ಅದೂ ಬೇಗ ಹೋಗುತ್ತದೆ. ಹಾಗಾಗಿ ಸೀಲ್ ಬದಲಿಸುವ ಕೆಲಸ ಈ ಲೇಖನದಲ್ಲಿ ಸಾಕಷ್ಟು ಕೆಳಗೆ ಬರುತ್ತದೆ. ದಯವಿಟ್ಟು ನೇರವಾಗಿ ಅಲ್ಲಿಗೆ ಹಾರಬೇಡಿ.

ಒಳಗೆ ಏನಿದೆ

ಹ್ಯಾಂಡಲ್ ಕೆಳಗಿನಿಂದ ಎರಡು ನುಣುಪಾದ, ಹೊಳೆಯುವ ಕೊಳವೆಗಳು ಇಳಿದು ಬರುತ್ತವೆ. ಅವು ಸ್ಟ್ಯಾಂಚನ್. ಚಕ್ರ ಹಿಡಿದಿರುವ ದಪ್ಪ ಕೆಳಭಾಗ ಲೋವರ್. ಚಕ್ರ ಗುಂಡಿಗೆ ಬಿದ್ದಾಗ ಲೋವರ್ ಮೇಲೆ ಕೆಳಗೆ ಜಾರುತ್ತದೆ. ಲೋವರಿನ ಎರಡೂ ಕಾಲುಗಳ ಬಾಯಲ್ಲಿ ಕಪ್ಪು ರಬ್ಬರ್ ಬಳೆ ಕಾಣುತ್ತದಲ್ಲ, ಅದೇ ವೈಪರ್ ಸೀಲ್. ಕೆಲವರು ಡಸ್ಟ್ ಸೀಲ್ ಅನ್ನುತ್ತಾರೆ. ಧೂಳನ್ನು ಹೊರಗೆ ಒರೆಸಿ ತಳ್ಳುವುದು, ಎಣ್ಣೆಯನ್ನು ಒಳಗೆ ಉಳಿಸುವುದು, ಇವೆರಡೂ ಅದರ ಕೆಲಸ. ಗಾಳಿ ಹಿಡಿದಿಡುವುದು ಅದರ ಕೆಲಸವಲ್ಲ. ಇದೊಂದನ್ನು ನೆನಪಿಟ್ಟರೆ ಅರ್ಧ ಗೊಂದಲ ಕಳೆಯುತ್ತದೆ.

ಸೀಲಿನ ಕೆಳಗೆ ಸ್ಪಂಜಿನ ತೆಳ್ಳನೆಯ ಉಂಗುರ ಇರುತ್ತದೆ. ಅದು ಎಣ್ಣೆ ಹೀರಿಕೊಂಡು ಸ್ಟ್ಯಾಂಚನ್ನಿಗೆ ಸವರುತ್ತಿರುತ್ತದೆ. ಅದರ ಕೆಳಗೆ ಬುಶ್‌ಗಳು. ಸ್ಟ್ಯಾಂಚನ್ ಅಲುಗಾಡದೆ ಜಾರುವುದು ಈ ಬುಶ್‌ಗಳ ಮೇಲೆಯೇ. ಲೋವರಿನ ತಳದಲ್ಲಿ ಒಂದಿಷ್ಟು ಎಣ್ಣೆ ನಿಂತಿರುತ್ತದೆ. ಕಾಲಿಗೆ ಕೆಲವೇ ಮಿಲಿ. ಈ ಚೂರು ಎಣ್ಣೆಯೇ ಇಡೀ ಫೋರ್ಕಿನ ಆಯಸ್ಸು.

ಗಾಳಿ ಫೋರ್ಕಾದರೆ ಸಾಮಾನ್ಯವಾಗಿ ಒಂದು ಕಾಲಿನಲ್ಲಿ ಗಾಳಿಯ ಸ್ಪ್ರಿಂಗ್, ಇನ್ನೊಂದರಲ್ಲಿ ಡ್ಯಾಂಪರ್. ಒತ್ತಿದ ಫೋರ್ಕ್ ಎಷ್ಟು ಬೇಗ ಮೇಲೇಳಬೇಕು ಅಂತ ಹಿಡಿತದಲ್ಲಿಡುವುದು ಡ್ಯಾಂಪರ್. ಕಾಲಿನ ತಳದಲ್ಲಿರುವ ರೀಬೌಂಡ್ ತಿರುಗುಗುಂಡಿ ಅದಕ್ಕೆ ಸೇರಿದ್ದು. ಗಾಳಿಯ ಭಾಗಕ್ಕೂ ಡ್ಯಾಂಪರಿಗೂ ಅವುಗಳದೇ ಆದ ಸೀಲ್‌ಗಳಿವೆ. ಅವು ಹೊರಗೆ ಕಾಣುವುದಿಲ್ಲ.

ನಮ್ಮ ಕಡೆಯ ಮಣ್ಣು

ನಂದಿ, ಸ್ಕಂದಗಿರಿ, ಚನ್ನಗಿರಿ, ಬ್ರಹ್ಮಗಿರಿ ಎಲ್ಲವೂ ಗ್ರಾನೈಟ್ ಬೆಟ್ಟಗಳು. ಆ ಕಲ್ಲು ಸವೆದು ಉದುರಿದ್ದೇ ನಾವು ಓಡಿಸುವ ದಾರಿಯ ಗರಸು. ಅದರಲ್ಲಿ ಬೆಣಚಿನ ಹರಳುಗಳು ಧಾರಾಳವಾಗಿವೆ. ಬೆಣಚು ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಇನ್ನು ಕ್ರಷರ್ ಇರುವ ಕಡೆ, ಕಲ್ಲಿನ ಲಾರಿ ಓಡಾಡುವ ದಾರಿಯಲ್ಲಿ, ಬಿಳಿ ಪುಡಿ ಗೋಧಿಹಿಟ್ಟಿನ ಹಾಗೆ ನುಣ್ಣಗಿರುತ್ತದೆ. ಗರಸಿನ ಕಾಳು ದಪ್ಪ, ಸೀಲ್ ಅದನ್ನು ತಡೆಯುತ್ತದೆ. ಈ ನುಣ್ಣನೆಯ ಪುಡಿ ಹಾಗಲ್ಲ. ಅದು ಸ್ಟ್ಯಾಂಚನ್ ಮೇಲಿನ ಎಣ್ಣೆಗೆ ಅಂಟಿಕೊಂಡು ಸೀಲಿನ ತುಟಿಯ ಕೆಳಗೆ ನುಸುಳುತ್ತದೆ, ಸ್ಪಂಜಿನಲ್ಲಿ ಸೇರಿಕೊಳ್ಳುತ್ತದೆ. ಆಮೇಲೆ ಒಂದೊಂದು ಗುಂಡಿಗೂ ಅದು ಮರಳು ಕಾಗದದ ಹಾಗೆ ಉಜ್ಜುತ್ತಿರುತ್ತದೆ. ಅಲ್ಯೂಮಿನಿಯಂ ಸ್ಟ್ಯಾಂಚನ್ ಮೇಲಿನ ಗಟ್ಟಿ ಲೇಪ ಕೂದಲಿಗಿಂತ ತೆಳು. ಅದು ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ.

ಫೋರ್ಕ್ ತಯಾರಿಸುವವರು ಸರ್ವಿಸಿನ ಕಾಲಾವಧಿಯನ್ನು ಓಡಿಸಿದ ಗಂಟೆಯ ಲೆಕ್ಕದಲ್ಲಿ ಹೇಳುತ್ತಾರೆ. ರಾಕ್‌ಶಾಕ್ಸ್ ಲೋವರ್ ಸರ್ವಿಸಿಗೆ, ಅಂದರೆ ಲೋವರ್ ಬಿಚ್ಚಿ ಒರೆಸಿ ಎಣ್ಣೆ ಬದಲಿಸುವುದಕ್ಕೆ, 50 ಗಂಟೆ ಅನ್ನುತ್ತದೆ. ಸನ್‌ಟೂರ್ ಕೂಡ 50 ಗಂಟೆಗೆ ಒಮ್ಮೆ ನೋಡಿ ಅನ್ನುತ್ತದೆ. ಫಾಕ್ಸ್ 125 ಗಂಟೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ವಾರಕ್ಕೆ ಎರಡು ಸಲ ಎರಡೆರಡು ಗಂಟೆ ಓಡಿಸಿದರೆ 50 ಗಂಟೆ ಅಂದರೆ ಮೂರು ತಿಂಗಳು. ನನ್ನ ಅನುಭವದಲ್ಲಿ ಫೆಬ್ರವರಿಯಿಂದ ಮೇ ತನಕ ಅಷ್ಟು ಕಾಯುವುದು ತಪ್ಪು. ಆ ನಾಲ್ಕು ತಿಂಗಳು ನಾನು 30 ಗಂಟೆಗೇ ಬಿಚ್ಚುತ್ತೇನೆ. ಅಕ್ಟೋಬರಿನ ಕೆಸರಿನಲ್ಲಿ ಓಡಿಸಿ ಮುಗಿಸಿದ ಮೇಲೆ ಇನ್ನೊಮ್ಮೆ.

ಹಂತ 1: ಸೋರಿಕೆ ಎಲ್ಲಿ ಅಂತ ಹುಡುಕಿ

ಇದಕ್ಕೆ ಒಂದು ಸಂಜೆ ಮೀಸಲಿಡಿ. ಫೋರ್ಕನ್ನು ಒದ್ದೆ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಸ್ಟ್ಯಾಂಚನ್, ಸೀಲಿನ ಸುತ್ತ, ಲೋವರಿನ ತಳ, ಗಾಳಿ ತುಂಬುವ ವಾಲ್ವ್, ಎಲ್ಲ ಒಣಗಲಿ. ಆಮೇಲೆ ಮುಂದಿನ ಬ್ರೇಕ್ ಹಿಡಿದು, ಮೈಭಾರ ಹಾಕಿ ಹತ್ತು ಸಲ ಆಳಕ್ಕೆ ಒತ್ತಿ. ಈಗ ನೋಡಿ.

ಸ್ಟ್ಯಾಂಚನ್ ಮೇಲೆ ತೆಳುವಾದ ಎಣ್ಣೆ ಪದರ, ಒತ್ತಿದ ಜಾಗದ ತುದಿಯಲ್ಲಿ ಒಂದು ಸಣ್ಣ ಗೆರೆ ಕಂಡರೆ ಅದು ಸರಿಯಾಗಿದೆ ಅಂತಲೇ ಅರ್ಥ. ಬೆರಳಿಗೆ ಜಿಡ್ಡು ಹತ್ತಿದರೆ ಸಾಕು, ಹಾಗೇ ಇರಬೇಕು. ಈ ಗೆರೆ ನೋಡಿ ಗಾಬರಿಯಾಗಿ ಸೀಲ್ ಬದಲಿಸಿದವರು ಬಹಳ ಜನ. ಹೊಸದಾಗಿ ಸರ್ವಿಸ್ ಆದ ಫೋರ್ಕಿನಲ್ಲಿ ಮೊದಲ ಎರಡು ಮೂರು ಸವಾರಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಬರುತ್ತದೆ. ಸ್ಪಂಜು ಹೀರಿಕೊಂಡ ಹೆಚ್ಚಿನ ಎಣ್ಣೆ ಅದು.

ಎಣ್ಣೆ ಹನಿಯಾಗಿ ನಿಂತರೆ, ಲೋವರಿನ ಮೇಲೆ ಹರಿದು ಇಳಿದರೆ, ಅದು ಸೋರಿಕೆ. ಕಾರಣ ಸೀಲಿನ ತುಟಿ ಹರಿದಿರಬಹುದು, ಸ್ಟ್ಯಾಂಚನ್ನಿನಲ್ಲಿ ಗೀರು ಇರಬಹುದು, ಹಿಂದೆ ಸರ್ವಿಸ್ ಮಾಡಿದವರು ಎಣ್ಣೆ ಜಾಸ್ತಿ ಹಾಕಿರಬಹುದು. ಗೀರು ಇದೆಯೇ ಅಂತ ನೋಡಲು ಉಗುರನ್ನು ಅಡ್ಡಡ್ಡ ಎಳೆಯಿರಿ. ಉಗುರಿಗೆ ತಗುಲಿದರೆ ಗೀರು ಆಳವಾಗಿದೆ. ಆಗ ಎಷ್ಟು ಸೀಲ್ ಬದಲಿಸಿದರೂ ಪ್ರಯೋಜನವಿಲ್ಲ, ಆ ಗೀರೇ ಹೊಸದನ್ನೂ ಕೊಯ್ಯುತ್ತದೆ.

ಎಣ್ಣೆ ಕಾಲಿನ ತಳದಿಂದ, ಬೋಲ್ಟ್ ಇರುವ ಕಡೆಯಿಂದ ತೊಟ್ಟಿಕ್ಕುತ್ತಿದೆಯೇ? ಹಾಗಾದರೆ ವೈಪರ್ ಸೀಲನ್ನು ಮುಟ್ಟಲೇಬೇಡಿ. ಅಲ್ಲಿ ಒಂದು ಮೆತ್ತನೆಯ ವಾಷರ್ ಇರುತ್ತದೆ. ಬೋಲ್ಟ್ ಬಿಗಿದಾಗ ಅದು ಚಪ್ಪಟೆಯಾಗಿ ಎಣ್ಣೆ ತಡೆಯುತ್ತದೆ. ಒಮ್ಮೆ ಚಪ್ಪಟೆಯಾದದ್ದನ್ನು ಮತ್ತೆ ಹಾಕಿದರೆ ಸೋರುತ್ತದೆ. ಹೊಸ ವಾಷರ್ ಹಾಕಿದರೆ ಮುಗಿಯಿತು, ಬಹಳ ಅಗ್ಗದ ಸಾಮಾನು.

ಇನ್ನು ಗಾಳಿ. "ರಾತ್ರಿ 80 ಹಾಕಿದ್ದೆ, ಬೆಳಿಗ್ಗೆ ಪಂಪ್ ಹಾಕಿ ನೋಡಿದರೆ 70 ತೋರಿಸ್ತಿದೆ" ಅನ್ನುತ್ತಾರೆ. ಪಂಪ್ ಜೋಡಿಸಿದಾಗ ಫೋರ್ಕಿನ ಗಾಳಿಯೇ ಪಂಪಿನ ಪೈಪಿಗೂ ತುಂಬಬೇಕು. ಅದಕ್ಕೇ ಮುಳ್ಳು ಇಳಿದು ನಿಲ್ಲುತ್ತದೆ. ಪಂಪ್ ಬಿಚ್ಚುವಾಗ ಬರುವ ಶಬ್ದವೂ ಹೆಚ್ಚಾಗಿ ಪೈಪಿನ ಗಾಳಿಯದು. ಇದು ಸೋರಿಕೆಯಲ್ಲ. ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಳಗಿನ 15 ಡಿಗ್ರಿಯಲ್ಲಿ 80 ಪಿಎಸ್‌ಐ ತುಂಬಿದ ಫೋರ್ಕ್ ಮಧ್ಯಾಹ್ನದ 35 ಡಿಗ್ರಿಯಲ್ಲಿ ಇನ್ನೂ ಸುಮಾರು ಆರೂವರೆ ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಅದೇ ತಿರುಗಿಸಿದರೆ ಮಧ್ಯಾಹ್ನ ತುಂಬಿದ್ದು ಬೆಳಿಗ್ಗೆ ಕಡಿಮೆ.

ನಿಜವಾಗಿಯೂ ಗಾಳಿ ಹೋಗುತ್ತಿದೆ ಅಂತ ಖಾತ್ರಿಯಾದರೆ ವಾಲ್ವಿನ ಬಾಯಿಗೂ ಮೇಲಿನ ಮುಚ್ಚಳದ ಸುತ್ತಕ್ಕೂ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಅದೃಷ್ಟ. ವಾಲ್ವಿನ ಒಳಗಿನ ಪಿನ್ ಸಡಿಲವಾಗಿರುತ್ತದೆ, ಕಾರಿನ ಟೈರಿಗೆ ಬಳಸುವ ಪಿನ್ ಕೀಲಿಯಿಂದಲೇ ಬಿಗಿಯಬಹುದು. ಮುಚ್ಚಳದ ಸುತ್ತ ಬಂದರೆ ಅಲ್ಲಿನ ರಬ್ಬರ್ ಉಂಗುರ ಬದಲಿಸಿ. ಹೊರಗೆಲ್ಲೂ ಗುಳ್ಳೆ ಇಲ್ಲ, ಆದರೂ ಫೋರ್ಕ್ ತಗ್ಗುತ್ತಿದೆ, ಪೂರ್ತಿ ಮೇಲೆ ಬರುತ್ತಿಲ್ಲ ಅಂದರೆ ಗಾಳಿ ಒಳಗೊಳಗೇ ಲೋವರಿಗೆ ಹೋಗುತ್ತಿದೆ, ಇಲ್ಲವೇ ಗಾಳಿಯ ಸ್ಪ್ರಿಂಗಿನ ಎರಡು ಕೋಣೆಗಳ ನಡುವೆ ದಾಟುತ್ತಿದೆ. ಅದಕ್ಕೆ ಕಾರಣ ಏರ್ ಪಿಸ್ಟನ್ ಸೀಲ್, ಅಂದರೆ ಗಾಳಿಯ ಸ್ಪ್ರಿಂಗಿನ ಒಳಗಿನ ಸೀಲ್.

ಕೊನೆಯದು ಅಲುಗಾಟ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಆಡಿಸಿ. ಇನ್ನೊಂದು ಕೈಯ ಬೆರಳನ್ನು ಸ್ಟ್ಯಾಂಚನ್ ಮತ್ತು ಸೀಲ್ ಸೇರುವ ಜಾಗದಲ್ಲಿಡಿ. ಅಲ್ಲಿ ಕಟಕಟ ಆಡಿದರೆ ಬುಶ್ ಸವೆದಿದೆ. ಅಲ್ಲಿ ಆಡದೆ ಹ್ಯಾಂಡಲ್ ಬುಡದಲ್ಲಿ ಆಡಿದರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲ, ಅದು ಬೇರೆ ವಿಷಯ. ಬುಶ್ ಸವೆದ ಫೋರ್ಕಿಗೆ ಹೊಸ ಸೀಲ್ ಹಾಕುವುದು ಸುಮ್ನೆ ದುಡ್ಡು ದಂಡ. ಬುಶ್ ಕೂರಿಸಲು ಅಳತೆಗೆ ಸರಿಯಾದ ಬೇರೆ ಸಾಮಾನು ಬೇಕು. ಅದನ್ನು ಸರ್ವಿಸ್ ಸೆಂಟರಿಗೆ ಬಿಡಿ.

ಹಂತ 2: ಸಾಮಾನು ಜೋಡಿಸಿಕೊಳ್ಳಿ

ಮೊದಲು ನಿಮ್ಮ ಫೋರ್ಕ್ ಯಾವುದು ಅಂತ ಸರಿಯಾಗಿ ತಿಳಿಯಿರಿ. "32ರ ಸೀಲ್ ಕೊಡಿ" ಅಂದರೆ ಸಾಲದು. ಫಾಕ್ಸ್ 32, 34, 36 ಅಂದರೆ ಸ್ಟ್ಯಾಂಚನ್ನಿನ ದಪ್ಪ ಅಷ್ಟು ಮಿಲಿಮೀಟರ್ ಅಂತ. ರಾಕ್‌ಶಾಕ್ಸ್ ಪೈಕ್ 35. ದಪ್ಪ ಒಂದೇ ಆದರೂ ಕಂಪನಿ ಬೇರೆಯಾದರೆ ಸೀಲಿನ ಹೊರ ಅಳತೆ ಬೇರೆ ಇರಬಹುದು. ಫಾಕ್ಸ್ ಫೋರ್ಕಿನ ಕಾಲಿನ ಹಿಂಬದಿಯಲ್ಲಿ ನಾಲ್ಕು ಅಕ್ಷರದ ಕೋಡ್ ಇರುವ ಸ್ಟಿಕ್ಕರ್ ಇರುತ್ತದೆ. ರಾಕ್‌ಶಾಕ್ಸ್‌ನಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ನಿಮ್ಮದೇ ಫೋರ್ಕಿನ ಸರ್ವಿಸ್ ಪುಸ್ತಕ ಸಿಗುತ್ತದೆ. ಯಾವ ಕಾಲಿಗೆ ಎಷ್ಟು ಎಣ್ಣೆ, ಯಾವ ಎಣ್ಣೆ, ಬೋಲ್ಟ್ ಎಷ್ಟು ಬಿಗಿ, ಎಲ್ಲ ಅದರಲ್ಲಿದೆ. ಅದನ್ನು ಇಳಿಸಿಕೊಳ್ಳದೆ ಬೋಲ್ಟ್ ಮುಟ್ಟಬೇಡಿ.

ಬೇಕಾದದ್ದು: ಫೋರ್ಕಿಗೆ ಗಾಳಿ ತುಂಬುವ ಶಾಕ್ ಪಂಪ್, ಅಲೆನ್ ಕೀ ಸೆಟ್, ರಬ್ಬರ್ ಅಥವಾ ಪ್ಲಾಸ್ಟಿಕ್ ಸುತ್ತಿಗೆ, ಬೋಲ್ಟಿನ ಬಿಗಿ ಅಳೆಯುವ ಸಣ್ಣ ಟಾರ್ಕ್ ರೆಂಚ್, ನೂಲು ಬಿಡದ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್, ಮೆಡಿಕಲ್ ಅಂಗಡಿಯ 10 ಮಿಲಿ ಸಿರಿಂಜ್, ಅಗಲವಾದ ಟೈರ್ ಲಿವರ್, ಹಳೆ ಬೇಸಿನ್. ಸೀಲ್ ಕಿಟ್ ಕೊಳ್ಳುವಾಗ ಸ್ಪಂಜಿನ ಉಂಗುರ ಮತ್ತು ತಳದ ವಾಷರ್ ಅದರಲ್ಲೇ ಇವೆಯೇ ಅಂತ ಕೇಳಿ. ಕೈಗವಸು ಹಾಕಿಕೊಳ್ಳಿ.

ಗ್ರೀಸ್ ವಿಷಯದಲ್ಲಿ ಗಟ್ಟಿಯಾಗಿಯೇ ಹೇಳುತ್ತೇನೆ. ಗ್ಯಾರೇಜಿನಲ್ಲಿ ಸಿಗುವ ಲಿಥಿಯಂ ಗ್ರೀಸ್ ಬೇಡ. ಸಸ್ಪೆನ್ಷನ್‌ಗೆಂದೇ ಬರುವ ತೆಳು ಗ್ರೀಸ್ ಇದೆ, ಸಣ್ಣ ಡಬ್ಬಿ ಕೊಂಡರೆ ಎರಡು ಮೂರು ವರ್ಷ ಬರುತ್ತದೆ. ಪೆಟ್ರೋಲ್, ಸೀಮೆಎಣ್ಣೆ, ಕಾರ್ಬುರೇಟರ್ ಕ್ಲೀನರ್ ಯಾವುದನ್ನೂ ಸೀಲಿನ ಹತ್ತಿರ ತರಬೇಡಿ. ಡಬ್ಲ್ಯುಡಿ-40 ಕೂಡ ಬೇಡ. ಅದನ್ನು ಹೊಡೆದ ಕೂಡಲೇ ಫೋರ್ಕ್ ಜಾರುವುದು ನಿಜ. ಆದರೆ ಅದು ಒಳಗಿನ ಜಿಡ್ಡನ್ನು ತೊಳೆದು ಹಾಕುತ್ತದೆ, ವಾರ ಕಳೆಯುವುದರೊಳಗೆ ಮೊದಲಿಗಿಂತ ಒಣಗುತ್ತದೆ.

ಹಂತ 3: ಗಾಳಿ ತೆಗೆದು ಲೋವರ್ ಇಳಿಸುವುದು

ಇಲ್ಲಿ ಆತುರ ಬೇಡ. ಅಪಘಾತ ಆಗುವುದೂ, ಸಾಮಾನು ಕೆಡುವುದೂ ಈ ಹಂತದಲ್ಲೇ.

ರೀಬೌಂಡ್ ಗುಂಡಿ ಪೂರ್ತಿ ಮುಚ್ಚಿದಾಗಿನಿಂದ ಎಷ್ಟು ಕ್ಲಿಕ್ ತೆರೆದಿದೆ, ಗಾಳಿ ಎಷ್ಟಿತ್ತು, ಎರಡನ್ನೂ ಬರೆದಿಟ್ಟುಕೊಳ್ಳಿ. ಮುಂದಿನ ಚಕ್ರ ತೆಗೆದು ಬೇರೆ ಕೋಣೆಯಲ್ಲಿಡಿ. ಬ್ರೇಕ್ ಕ್ಯಾಲಿಪರ್ ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹ್ಯಾಂಡಲಿಗೆ ಕಟ್ಟಿ. ಡಿಸ್ಕ್ ಮೇಲೋ ಬ್ರೇಕ್ ಪ್ಯಾಡ್ ಮೇಲೋ ಒಂದೇ ಹನಿ ಎಣ್ಣೆ ಬಿದ್ದರೂ ಬ್ರೇಕ್ ಹಿಡಿಯುವುದಿಲ್ಲ. ನಂದಿಯಿಂದ ಇಳಿಯುವಾಗ ಅದು ಗೊತ್ತಾಗಬಾರದು, ಅಲ್ವಾ?

ವಾಲ್ವ್ ಒತ್ತಿ ಗಾಳಿ ಪೂರ್ತಿ ಬಿಡಿ. ಮುಖ ವಾಲ್ವಿನ ಮೇಲೆ ಬಾಗಿರಬಾರದು. ಗಾಳಿ ತುಂಬಿದ ಫೋರ್ಕನ್ನು ಯಾವತ್ತೂ ಬಿಚ್ಚಬೇಡಿ.

ರೀಬೌಂಡ್ ಗುಂಡಿ ಎಳೆದು ಅಥವಾ ಅದರ ಸಣ್ಣ ಸ್ಕ್ರೂ ಬಿಚ್ಚಿ ತೆಗೆಯಿರಿ. ಈಗ ಎರಡೂ ಕಾಲಿನ ತಳದ ಬೋಲ್ಟ್‌ಗಳನ್ನು ಮೂರು ನಾಲ್ಕು ಸುತ್ತು ಮಾತ್ರ ಸಡಿಲಿಸಿ. ಪೂರ್ತಿ ತೆಗೆಯಬೇಡಿ. ಬೋಲ್ಟಿನಲ್ಲಿ ಅಲೆನ್ ಕೀ ಇಟ್ಟು, ಅದರ ಮೇಲೆ ಮೆತ್ತನೆಯ ಸುತ್ತಿಗೆಯಿಂದ ತಟ್ಟಿ. ಆ ಬೋಲ್ಟ್ ಹಿಡಿದಿರುವ ಒಳಗಿನ ಕಡ್ಡಿ ಲೋವರಿಗೆ ಕಚ್ಚಿಕೊಂಡಿರುತ್ತದೆ, ಎರಡು ಮೂರು ಪೆಟ್ಟಿಗೆ ಬಿಡುತ್ತದೆ. ಬೋಲ್ಟ್ ಪೂರ್ತಿ ತೆಗೆದು ಬರೀ ಕಡ್ಡಿಯ ಮೇಲೆ ಹೊಡೆದರೆ ಅದರ ಬಾಯಿ ಅಗಲವಾಗಿ ಮರೆ (ಬೋಲ್ಟ್ ತಿರುಗಿ ಕೂರುವ ಸುರುಳಿ ಗೆರೆ) ಹಾಳಾಗುತ್ತದೆ. ನಾನು ಕಲಿಯುವಾಗ ಒಂದು ಕಡ್ಡಿಯನ್ನು ಹೀಗೇ ಕೆಡಿಸಿದ್ದೇನೆ. ಆ ಒಂದು ಸಾಮಾನಿಗೆ ಇಡೀ ಏರ್ ಸ್ಪ್ರಿಂಗ್ ಕೊಳ್ಳಬೇಕಾಯಿತು. ನಿಮ್ಮದು ಬೋಲ್ಟ್ ಬದಲು ನಟ್ ಇರುವ ಫೋರ್ಕಾದರೆ, ನಟ್ಟನ್ನು ಕಡ್ಡಿಯ ತುದಿಗೆ ಸಮ ಬರುವವರೆಗೆ ಸಡಿಲಿಸಿ, ಅಲ್ಲೇ ಬಿಟ್ಟು ಮೆಲ್ಲಗೆ ತಟ್ಟಿ.

ಬೋಲ್ಟ್ ತಿರುಗುತ್ತಲೇ ಇದೆ, ಬಿಡುತ್ತಿಲ್ಲ ಅಂದರೆ ಒಳಗಿನ ಕಡ್ಡಿಯೂ ಜೊತೆಗೇ ತಿರುಗುತ್ತಿದೆ. ಲೋವರನ್ನು ಕೆಳಕ್ಕೆ ಬಿಗಿಯಾಗಿ ಎಳೆದು ಹಿಡಿದು, ಅಲೆನ್ ಕೀಯನ್ನು ಜರ್ಕ್ ಕೊಟ್ಟು ತಿರುಗಿಸಿ. ಬೋಲ್ಟ್ ಸಡಿಲಿಸುವಾಗಲೇ ಪಿಸ್ಸೆಂದು ಗಾಳಿ, ಎಣ್ಣೆ ಚಿಮ್ಮಿದರೆ ನಿಮಗೆ ಒಂದು ಉತ್ತರ ಸಿಕ್ಕಿತು: ಏರ್ ಪಿಸ್ಟನ್ ಸೀಲ್ ಸೋರಿ, ಗಾಳಿ ಲೋವರಿನಲ್ಲಿ ತುಂಬಿಕೊಂಡಿದೆ.

ಬೇಸಿನ್ ಕೆಳಗಿಟ್ಟು ಬೋಲ್ಟ್ ಪೂರ್ತಿ ತೆಗೆದು, ಲೋವರನ್ನು ನೇರವಾಗಿ ಕೆಳಕ್ಕೆ ಎಳೆಯಿರಿ.

ಹಂತ 4: ಬಂದ ಎಣ್ಣೆಯನ್ನು ಓದುವುದು

ಇದನ್ನು ಯಾರೂ ಮಾಡುವುದಿಲ್ಲ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಬೇಸಿನ್ನಿನ ಎಣ್ಣೆಯನ್ನು ಬೆಳಕಿನಲ್ಲಿ ನೋಡಿ, ಸಿರಿಂಜಿನಲ್ಲಿ ಎಳೆದು ಎಷ್ಟಿದೆ ಅಂತ ಅಳೆಯಿರಿ.

ಎಣ್ಣೆಯೇ ಬರಲಿಲ್ಲ, ಸ್ಪಂಜು ಒಣಗಿ ಕಪ್ಪಾಗಿದೆ ಅಂದರೆ ಸರ್ವಿಸ್ ತಡವಾಗಿದೆ. ಬೂದು ಬಣ್ಣ ಸ್ವಲ್ಪ ಇದ್ದರೆ ಸಹಜ ಸವೆತ. ಬೆಳಕಿಗೆ ಮಿಣಮಿಣ ಹೊಳೆಯುವ ಪುಡಿ ಜಾಸ್ತಿ ಇದ್ದರೆ ಬುಶ್ ಅಥವಾ ಸ್ಟ್ಯಾಂಚನ್ ಸವೆಯುತ್ತಿದೆ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಒಳಗೆ ಹೋಗಿದೆ. ಹೀಗೆ ನೀರು ಸೇರಿದ ಫೋರ್ಕುಗಳ ಬಗ್ಗೆ ಕೇಳಿದರೆ ವಾಟರ್ ಸರ್ವಿಸಿನಲ್ಲಿ ಪ್ರೆಶರ್ ಹೊಡೆಸಿದ್ದೆ ಅನ್ನುವ ಉತ್ತರವೇ ಹೆಚ್ಚು. ಹಾಕಿದ್ದು 10 ಮಿಲಿ, ಬಂದದ್ದು 40 ಮಿಲಿ ಅಂದರೆ ಡ್ಯಾಂಪರಿನ ಎಣ್ಣೆ ಕೆಳಕ್ಕೆ ಇಳಿಯುತ್ತಿದೆ. ಹೊರಗೆ ಸೋರುವ ಹೆಚ್ಚಿನ ಎಣ್ಣೆಗೂ ಅದೇ ಮೂಲ ಆಗಿರಬಹುದು. ವೈಪರ್ ಸೀಲ್ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ.

ಎರಡು ಕಾಲುಗಳ ಎಣ್ಣೆಯನ್ನು ಬೇರೆ ಬೇರೆಯಾಗಿ ಹಿಡಿದರೆ ಯಾವ ಕಡೆ ತೊಂದರೆ ಅಂತಲೂ ಗೊತ್ತಾಗುತ್ತದೆ. ನೋಡಿ ಮುಗಿದ ಮೇಲೆ ಆ ಎಣ್ಣೆಯನ್ನು ಬಾಟಲಿಗೆ ಹಾಕಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಚರಂಡಿಗೂ ಹೊಲದ ಬದುವಿಗೂ ಸುರಿಯಬೇಡಿ. ಬೋರ್‌ವೆಲ್ ನೀರನ್ನೇ ನಂಬಿದ ಊರು ನಮ್ಮದು.

ಹಂತ 5: ಸ್ವಚ್ಛ ಮಾಡುವುದು, ಸೀಲ್ ಉಳಿಸಬೇಕೇ ತೆಗೆಯಬೇಕೇ ನಿರ್ಧರಿಸುವುದು

ಸ್ಪಂಜಿನ ಉಂಗುರಗಳನ್ನು ಮೆಲ್ಲಗೆ ಎಳೆದು ಹೊರತೆಗೆಯಿರಿ. ಲೋವರಿನ ಒಳಗೆ ಆಲ್ಕೋಹಾಲ್ ಹಾಕಿದ ಬಟ್ಟೆಯನ್ನು ಉದ್ದದ ಕೋಲಿಗೆ ಸುತ್ತಿ ತಳದವರೆಗೆ ಒರೆಸಿ. ಬಟ್ಟೆ ಬೆಳ್ಳಗೆ ಬರುವವರೆಗೆ ಬಿಡಬೇಡಿ. ಬುಶ್‌ಗಳನ್ನು ಕೆರೆಯಬಾರದು, ಒರೆಸಬೇಕು ಅಷ್ಟೆ. ಸ್ಟ್ಯಾಂಚನ್ ಒರೆಸುತ್ತಾ ಬೆಳಕಿಗೆ ಹಿಡಿದು ಇನ್ನೊಮ್ಮೆ ಗೀರು ಹುಡುಕಿ. ಸಣ್ಣ ಗೀರಿನ ಅಂಚು ಎದ್ದು ನಿಂತಿದ್ದರೆ 2000 ನಂಬರಿನ ಮರಳು ಕಾಗದಕ್ಕೆ ಎಣ್ಣೆ ಹಚ್ಚಿ, ಎದ್ದ ಅಂಚನ್ನಷ್ಟೇ ನವಿರಾಗಿ ತೆಗೆಯಬಹುದು. ಇಡೀ ಕೊಳವೆಯನ್ನು ಉಜ್ಜಬೇಡಿ.

ಸೀಲಿನ ತುಟಿಯನ್ನು ಬೆರಳಿನಿಂದ ಸುತ್ತಲೂ ಸವರಿ. ಮೆತ್ತಗಿದೆ, ಹರಿದಿಲ್ಲ, ಸೋರುತ್ತಲೂ ಇರಲಿಲ್ಲ ಅಂದರೆ ಅದನ್ನು ಅಲ್ಲೇ ಬಿಡಿ. ಒಳಗಿನ ಕೊಳೆ ಒರೆಸಿ, ಹಂತ 6ರಲ್ಲಿ ಹೇಳಿದ ಹಾಗೆ ಸ್ಪಂಜು ನೆನೆಸಿ ಕೂರಿಸಿ, ತೆಳ್ಳಗೆ ಗ್ರೀಸ್ ಸವರಿ, ಹಂತ 7ಕ್ಕೆ ಹೋಗಿ. ಗಟ್ಟಿಯಾಗಿದ್ದರೆ, ಅಂಚು ಕಚ್ಚು ಬಿದ್ದಿದ್ದರೆ, ಹನಿ ಸೋರುತ್ತಿದ್ದರೆ ಮಾತ್ರ ಮುಂದಿನ ಹಂತ.

ಹಂತ 6: ಸೀಲ್ ತೆಗೆದು ಹೊಸದು ಕೂರಿಸುವುದು

ಲೋವರಿಗೆ ಆಕ್ಸಲ್ (ಚಕ್ರದ ಅಚ್ಚು) ಮತ್ತೆ ಹಾಕಿ. ಆಗ ಎರಡು ಕಾಲು ತಿರುಚಿಕೊಳ್ಳುವುದಿಲ್ಲ. ಲೋವರನ್ನು ನೆಲದ ಮೇಲೆ ನಿಲ್ಲಿಸಿ, ಯಾರಾದರೂ ಗಟ್ಟಿಯಾಗಿ ಹಿಡಿದುಕೊಳ್ಳಲಿ. ಲೋವರ್ ಸಾಮಾನ್ಯವಾಗಿ ಮೆಗ್ನೀಷಿಯಂನದು, ಮೆತ್ತಗಿನ ಲೋಹ. ಅದರ ಅಂಚಿಗೆ ದಪ್ಪ ಬಟ್ಟೆ ಅಥವಾ ಪ್ಲಾಸ್ಟಿಕ್ ತುಂಡು ಇಟ್ಟು, ಟೈರ್ ಲಿವರನ್ನು ಸೀಲಿನ ಒಳ ಅಂಚಿನ ಕೆಳಗೆ ಸಿಕ್ಕಿಸಿ ಮೇಲಕ್ಕೆ ಮೀಟಿ. ಒಂದೇ ಕಡೆ ಬಲ ಹಾಕದೆ, ಸುತ್ತಲೂ ಚೂರು ಚೂರು ಎಬ್ಬಿಸಿ. ಸ್ಕ್ರೂಡ್ರೈವರ್ ಬಳಸಿದರೆ ತುದಿ ಜಾರಿ ಸೀಲ್ ಕೂರುವ ಗೋಡೆಗೆ ಗೀರು ಬೀಳುತ್ತದೆ. ಆ ಗೀರಿನ ಮೂಲಕ ಎಣ್ಣೆ ಸದಾ ಜಿನುಗುತ್ತದೆ. ಕೆಳಗಿನ ಬುಶ್ ಮೇಲೆ ಲಿವರ್ ಊರಬೇಡಿ.

ಹೊಸ ಸ್ಪಂಜನ್ನು ಎಣ್ಣೆಯಲ್ಲಿ ಹತ್ತು ನಿಮಿಷ ನೆನೆಸಿ. ಹಿಂಡಿ ಬಿಟ್ಟು, ಹಿಂಡಿ ಬಿಟ್ಟು ಪೂರ್ತಿ ಹೀರಿಕೊಳ್ಳಲಿ. ಅದನ್ನು ಅದರ ಜಾಗದಲ್ಲಿ ಮಡಿಕೆ ಬೀಳದ ಹಾಗೆ ಕೂರಿಸಿ.

ಕೆಲವು ಸೀಲಿನ ಮೇಲ್ತುಟಿಗೆ ಸುತ್ತ ಒಂದು ಸಣ್ಣ ತಂತಿ ಸ್ಪ್ರಿಂಗ್ ಇರುತ್ತದೆ. ಒತ್ತುವ ಮುಂಚೆ ಅದನ್ನು ತೆಗೆದಿಟ್ಟು, ಕೂರಿಸಿದ ಮೇಲೆ ಮತ್ತೆ ಹಾಕಿ. ಇಲ್ಲದಿದ್ದರೆ ಅದು ಹಾರಿ ಹೋಗುತ್ತದೆ, ಇಲ್ಲವೇ ಸೊಟ್ಟಗಾಗುತ್ತದೆ. ಸೀಲ್ ಒತ್ತಲು ಅದಕ್ಕೆಂದೇ ಮಾಡಿದ ಡ್ರೈವರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪ್ಲಂಬಿಂಗ್ ಅಂಗಡಿಗೆ ಹಳೆ ಸೀಲ್ ತೆಗೆದುಕೊಂಡು ಹೋಗಿ, ಅದರ ಹೊರ ಅಂಚಿನ ಮೇಲೆ ಮಾತ್ರ ಕೂರುವ ಪಿವಿಸಿ ಕಪ್ಲಿಂಗ್ ಆರಿಸಿ ತನ್ನಿ. ಬಲ ಹೊರ ಅಂಚಿಗೆ ಬೀಳಬೇಕು, ತುಟಿಗೆ ತಾಗಲೇಬಾರದು. ಸುತ್ತಲೂ ಸಮನಾಗಿ ಮೆಲ್ಲಗೆ ತಟ್ಟಿ. ಸೊಟ್ಟಗೆ ಹೋದರೆ ಮುಂದಕ್ಕೆ ಹೊಡೆಯದೆ ತೆಗೆದು ಮತ್ತೆ ಶುರು ಮಾಡಿ. ಒಳತುಟಿಗೆ ಸಸ್ಪೆನ್ಷನ್ ಗ್ರೀಸನ್ನು ತೆಳ್ಳಗೆ ಸವರಿ.

ಒಂದು ಕಡೆಯ ಸೀಲ್ ಮಾತ್ರ ಸೋರುತ್ತಿದ್ದರೂ ಎರಡನ್ನೂ ಬದಲಿಸಿ. ಎರಡೂ ಒಂದೇ ಧೂಳು ತಿಂದಿವೆ.

ಹಂತ 7: ಎಣ್ಣೆ ಹಾಕಿ ಜೋಡಿಸುವುದು

ಲೋವರನ್ನು ಸ್ಟ್ಯಾಂಚನ್ನಿಗೆ ಏರಿಸುವಾಗ ಸೀಲಿನ ತುಟಿ ಒಳಕ್ಕೆ ಮಡಚಿಕೊಳ್ಳುವುದು ಸಾಮಾನ್ಯ ತಪ್ಪು. ಎರಡು ಕಾಲನ್ನೂ ಒಟ್ಟಿಗೆ, ಬೆರಳಿನಿಂದ ತುಟಿ ಬಿಡಿಸಿಕೊಳ್ಳುತ್ತಾ ಏರಿಸಿ. ಬಲವಂತ ಬೇಡ.

ಬುಶ್ ಹಿಡಿದಷ್ಟು ಏರಿಸಿ ನಿಲ್ಲಿಸಿ. ಒಳಗಿನ ಕಡ್ಡಿ ತಳದ ತೂತಿನಲ್ಲಿ ಇನ್ನೂ ಕಾಣಬಾರದು. ಫೋರ್ಕನ್ನು ತಳ ಮೇಲೆ ಬರುವ ಹಾಗೆ ಓರೆಯಾಗಿ ಹಿಡಿದು, ತಳದ ತೂತಿನಿಂದ ಸಿರಿಂಜಿನಲ್ಲಿ ಎಣ್ಣೆ ಹಾಕಿ. ಎಷ್ಟು ಅಂತ ಸರ್ವಿಸ್ ಪುಸ್ತಕ ಹೇಳುತ್ತದೆ. ಕೆಲವಕ್ಕೆ 5 ಮಿಲಿ, ಕೆಲವಕ್ಕೆ 10, ಕೆಲವಕ್ಕೆ ಅದಕ್ಕೂ ಜಾಸ್ತಿ. ಎರಡು ಕಾಲಿಗೆ ಬೇರೆ ಬೇರೆ ಅಳತೆ ಇರುವ ಫೋರ್ಕುಗಳೂ ಇವೆ. "ಸ್ವಲ್ಪ ಜಾಸ್ತಿ ಇರಲಿ" ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಎಣ್ಣೆ ಜಾಸ್ತಿಯಾದರೆ ಲೋವರಿನಲ್ಲಿ ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಆಳಕ್ಕೆ ಒತ್ತಿದಾಗ ಆ ಗಾಳಿ ಎಣ್ಣೆಯನ್ನು ಹೊಸ ಸೀಲಿನ ಮೂಲಕವೇ ಹೊರಗೆ ತಳ್ಳುತ್ತದೆ. ಪೂರ್ತಿ ಟ್ರಾವೆಲ್ಲೂ, ಅಂದರೆ ಫೋರ್ಕ್ ತಗ್ಗಬಲ್ಲ ಪೂರ್ತಿ ಉದ್ದವೂ, ಸಿಗುವುದಿಲ್ಲ.

ಈಗ ಲೋವರನ್ನು ಪೂರ್ತಿ ಏರಿಸಿ. ಕಡ್ಡಿಯ ತುದಿ ತೂತಿನಲ್ಲಿ ಕಾಣುತ್ತದೆ. ಸುತ್ತ ಒರೆಸಿ, ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿಯಿರಿ. ಹೆಚ್ಚಿನ ಫೋರ್ಕುಗಳಲ್ಲಿ ಇದು 5ರಿಂದ 7 ನ್ಯೂಟನ್ ಮೀಟರ್ ಆಸುಪಾಸು, ಅಂದರೆ ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ. ಕೈಯಳತೆಯಲ್ಲಿ ಬಿಗಿದು ಮರೆ ಕಿತ್ತವರಿದ್ದಾರೆ. ಟಾರ್ಕ್ ರೆಂಚ್ ಇಲ್ಲದಿದ್ದರೆ ಯಾರಿಂದಾದರೂ ಕಡ ತನ್ನಿ.

ಲೋವರ್, ಕ್ಯಾಲಿಪರ್ ಕೂರುವ ಜಾಗ, ಎಲ್ಲವನ್ನೂ ಆಲ್ಕೋಹಾಲಿನಿಂದ ಒರೆಸಿದ ಮೇಲೆಯೇ ಬ್ರೇಕ್ ಮತ್ತು ಚಕ್ರ ಹಾಕಿ.

ಹಂತ 8: ಗಾಳಿ ತುಂಬಿ ಸ್ಯಾಗ್ ನೋಡುವುದು

ಬೇಕಾದ ಗಾಳಿಯ ಅರ್ಧ ತುಂಬಿ, ಹತ್ತು ಸಲ ನಿಧಾನವಾಗಿ ಒತ್ತಿ. ಗಾಳಿಯ ಎರಡೂ ಕೋಣೆಗಳು ಸಮವಾಗುತ್ತವೆ. ಆಮೇಲೆ ಪೂರ್ತಿ ತುಂಬಿ, ಮತ್ತೆ ಒತ್ತಿ, ಮತ್ತೆ ನೋಡಿ. ಒಂದೇ ಸಲ ತುಂಬಿದರೆ ಲೆಕ್ಕ ತಪ್ಪುತ್ತದೆ.

ಸ್ಯಾಗ್ ಅಂದರೆ ನೀವು ಸುಮ್ನೆ ಸೈಕಲ್ ಹತ್ತಿ ನಿಂತಾಗ ನಿಮ್ಮ ಭಾರಕ್ಕೆ ಫೋರ್ಕ್ ತಗ್ಗುವ ಅಳತೆ. ಸ್ಟ್ಯಾಂಚನ್ ಮೇಲಿನ ರಬ್ಬರ್ ಉಂಗುರವನ್ನು ಸೀಲಿನವರೆಗೆ ಇಳಿಸಿ, ನೀರಿನ ಬಾಟಲಿ, ಬ್ಯಾಗ್ ಸಮೇತ ಹತ್ತಿ ನಿಂತು, ಅಲುಗಾಡದೆ ಇಳಿದು ಅಳೆಯಿರಿ. ಉಂಗುರ ಇಲ್ಲದಿದ್ದರೆ ತೆಳು ಕೇಬಲ್ ಟೈ ಸಡಿಲವಾಗಿ ಕಟ್ಟಿ. 100 ಮಿಲಿಮೀಟರ್ ಟ್ರಾವೆಲ್ಲಿನ ಫೋರ್ಕಿಗೆ 20 ಮಿಲಿಮೀಟರ್ ಒಳ್ಳೆಯ ಆರಂಭ. ರೀಬೌಂಡ್ ಗುಂಡಿ ಮತ್ತೆ ಹಾಕಿ, ಬರೆದಿಟ್ಟ ಕ್ಲಿಕ್‌ಗೆ ತನ್ನಿ. ಮೊದಲ ಸವಾರಿ ಮುಗಿದ ಮೇಲೆ ತಳದ ಬೋಲ್ಟ್ ಹತ್ತಿರ ಜಿಡ್ಡು ಇದೆಯೇ ನೋಡಿ.

ಸ್ಪ್ರಿಂಗ್ ಫೋರ್ಕ್ ಇರುವವರಿಗೆ

ನಮ್ಮಲ್ಲಿ ಹಲವರ ಸೈಕಲಿನಲ್ಲಿರುವುದು ಸನ್‌ಟೂರ್ ಎಕ್ಸ್‌ಸಿಟಿ, ಎಕ್ಸ್‌ಸಿಎಂ ತರಹದ ಸ್ಪ್ರಿಂಗ್ ಫೋರ್ಕ್. ಗಾಳಿ ಇಲ್ಲ, ಹಾಗಾಗಿ ಗಾಳಿ ಸೋರುವ ಚಿಂತೆಯೂ ಇಲ್ಲ. ಒಳಗೆ ಎಣ್ಣೆಯ ಬದಲು ಗ್ರೀಸ್ ಇರುತ್ತದೆ. ಹಳೆ ಗ್ರೀಸ್ ಧೂಳಿನ ಜೊತೆ ಸೇರಿ ಮೇಣದ ಹಾಗೆ ಆಗಿರುತ್ತದೆ. ಅದನ್ನು ಪೂರ್ತಿ ತೆಗೆದು ಬುಶ್‌ಗಳಿಗೆ ಹೊಸ ಸಸ್ಪೆನ್ಷನ್ ಗ್ರೀಸ್ ಹಚ್ಚಿದರೆ ಫೋರ್ಕ್ ಬೇರೆಯದೇ ಅನ್ನಿಸುತ್ತದೆ. ಆದರೆ ಬುಶ್ ಸವೆದು ಕಟಕಟ ಅನ್ನುತ್ತಿದ್ದರೆ ಅದರ ರಿಪೇರಿಗೆ ದುಡ್ಡು ಹಾಕಬೇಡಿ. ಅದೇ ದುಡ್ಡನ್ನು ಮುಂದಿನ ಫೋರ್ಕಿಗೆ ಉಳಿಸಿ.

ಯಾವುದನ್ನು ನೀವೇ ಮಾಡಬಾರದು

ಡ್ಯಾಂಪರ್ ಬಿಚ್ಚಿ ಎಣ್ಣೆ ಬದಲಿಸುವುದು ಮೊದಲ ಸಲಕ್ಕೆ ಬೇಡ. ಒಳಗೆ ಗುಳ್ಳೆ ಉಳಿದರೆ ಅದು ಕೆಲಸ ಮಾಡುವುದಿಲ್ಲ. ಏರ್ ಪಿಸ್ಟನ್ ಸೀಲನ್ನು ಎರಡು ಮೂರು ಸಲ ಲೋವರ್ ಸರ್ವಿಸ್ ಮಾಡಿ ಕೈ ಪಳಗಿದವರು ಮಾಡಬಹುದು, ಪುಸ್ತಕ ಪಕ್ಕದಲ್ಲಿಟ್ಟುಕೊಂಡು. ಹಿಂದಿನ ಶಾಕ್ ಇರುವ ಸೈಕಲಾದರೆ ಅದರ ಡ್ಯಾಂಪರನ್ನು ಮನೆಯಲ್ಲಿ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರಲ್ಲಿ ಹೆಚ್ಚಿನ ಒತ್ತಡದ ನೈಟ್ರೋಜನ್ ಇರುತ್ತದೆ, ಗಾಯವಾಗುತ್ತದೆ. ಇಂಥ ಕೆಲಸಕ್ಕೆ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಹೋಗಿ, ಸುಮಾರು 60 ಕಿಲೋಮೀಟರ್. ಹೋಗುವ ಮುಂಚೆ ಹಂತ 1 ಮತ್ತು 4ರಲ್ಲಿ ಕಂಡದ್ದನ್ನು ಬರೆದುಕೊಂಡು ಹೋಗಿ. "ಫೋರ್ಕ್ ಸರಿಯಿಲ್ಲ" ಅನ್ನುವುದಕ್ಕೂ "ಎಡಗಾಲಿನಿಂದ 30 ಮಿಲಿ ಎಣ್ಣೆ ಬಂತು" ಅನ್ನುವುದಕ್ಕೂ ಮೆಕ್ಯಾನಿಕ್ ಕಿವಿಯಲ್ಲಿ ಬಹಳ ವ್ಯತ್ಯಾಸವಿದೆ.

ದಿನದಿನದ ಕೆಲಸ

ಪ್ರತಿ ಸವಾರಿ ಮುಗಿದ ಮೇಲೆ ಸ್ಟ್ಯಾಂಚನ್ ಮತ್ತು ಸೀಲಿನ ಮೇಲಂಚನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಅರ್ಧ ನಿಮಿಷದ ಕೆಲಸ. ಒಣಧೂಳು ಜಾಸ್ತಿ ಇದ್ದರೆ ಮೊದಲು ಬಟ್ಟೆಯನ್ನು ಒದ್ದೆ ಮಾಡಿಕೊಳ್ಳಿ, ಒಣಗಿದ ಗರಸನ್ನು ಹಾಗೇ ಎಳೆದರೆ ನೀವೇ ಗೀರು ಹಾಕಿದಂತೆ. ಒರೆಸಿದ ಮೇಲೆ ನಾಲ್ಕು ಸಲ ಒತ್ತಿ, ಸೀಲಿನ ತುಟಿ ಹೊರಹಾಕಿದ ಕೊಳೆಯ ಗೆರೆಯನ್ನು ಇನ್ನೊಮ್ಮೆ ಒರೆಸಿ. ಕೆಸರಾದರೆ ಬಕೆಟ್ ನೀರು, ಮೆತ್ತನೆಯ ಬ್ರಷ್ ಸಾಕು.

ವಾರ ಎರಡು ವಾರ ನಿಂತ ಸೈಕಲನ್ನು ಹೊರಡುವ ಒಂದು ಗಂಟೆ ಮುಂಚೆ ತಲೆಕೆಳಗು ಮಾಡಿಡಿ. ತಳದ ಎಣ್ಣೆ ಇಳಿದು ಸ್ಪಂಜನ್ನು ನೆನೆಸುತ್ತದೆ. ಹೈಡ್ರಾಲಿಕ್ ಬ್ರೇಕ್ ಇದ್ದರೆ ನೇರ ಮಾಡಿದ ಮೇಲೆ ಲಿವರನ್ನು ಹತ್ತಾರು ಸಲ ಒತ್ತಿ, ಗಟ್ಟಿಯಾಗಿದೆಯೇ ನೋಡಿಯೇ ಹೊರಡಿ.

ಸೀಲಿನ ಮೇಲೆ ಬಟ್ಟೆಯ ಕವರ್ ಸುತ್ತುವವರನ್ನು ನೋಡಿದ್ದೇನೆ. ಧೂಳು ತಡೆಯುತ್ತದೆ ಅನ್ನುವ ನಂಬಿಕೆ. ಆದರೆ ಒಳಗೆ ಸೇರಿದ ಪುಡಿ ಅಲ್ಲೇ ಕೂತು ಸೀಲಿಗೆ ಉಜ್ಜುತ್ತದೆ, ಒರೆಸಲೂ ಆಗುವುದಿಲ್ಲ. ಅದರ ಬದಲು ಮುಂದಿನ ಚಕ್ರಕ್ಕೆ ಒಂದು ಸಣ್ಣ ಪ್ಲಾಸ್ಟಿಕ್ ಮಡ್‌ಗಾರ್ಡ್ ಕಟ್ಟಿ. ಚಕ್ರ ಎರಚುವ ಮಣ್ಣು ನೇರವಾಗಿ ಸೀಲಿಗೆ ಬಡಿಯುವುದು ತಪ್ಪುತ್ತದೆ.

ಸರ್ವಿಸ್ ಮಾಡಿದ ದಿನ, ಹಾಕಿದ ಎಣ್ಣೆ, ಬಂದ ಎಣ್ಣೆ, ಅದರ ಬಣ್ಣ, ಓಡಿಸಿದ ಗಂಟೆ, ಇಷ್ಟನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ. ಎರಡು ಮೂರು ಸಲ ಆದ ಮೇಲೆ ನಿಮ್ಮ ಫೋರ್ಕಿಗೆ, ನೀವು ಓಡಿಸುವ ದಾರಿಗೆ 50 ಗಂಟೆ ಸಾಕೇ, 30ಕ್ಕೇ ಬಿಚ್ಚಬೇಕೇ ಅಂತ ಆ ಪುಸ್ತಕವೇ ಹೇಳುತ್ತದೆ. ನನ್ನನ್ನು ಕೇಳುವಾಗಲೂ ಮಬ್ಬು ಫೋಟೋ ಬದಲು ಆ ಪುಟದ ಫೋಟೋ ಕಳಿಸಿ.